ಕೌಂಟರಿನ ಮುಂದೆ ಕರಗುವ ದಿನಗೂಲಿ

ಕಲಬುರಗಿಯಿಂದ ಹುಮನಾಬಾದ್ ರಸ್ತೆ ಹಿಡಿದರೆ ಊರು ಮುಗಿಯುವ ಹೊತ್ತಿಗೆ ಕಪನೂರ ಕೈಗಾರಿಕಾ ಪ್ರದೇಶ ಎದುರಾಗುತ್ತದೆ. ತೊಗರಿ ತುಂಬಿದ ಲಾರಿಗಳು, ಅಂಗಳದಲ್ಲಿ ಒಣಗಲು ಹರವಿದ ಕಾಳು, ಗಾಳಿಯಲ್ಲಿ ತೇಲುವ ಹೊಟ್ಟು. 2019ರಲ್ಲಿ ಜಿಐ ಟ್ಯಾಗ್ ಪಡೆದ ಕಲಬುರಗಿ ತೊಗರಿ ಬೇಳೆಯಾಗಿ ಹೊರಬರುವುದು ಇಂಥ ಮಿಲ್ಲುಗಳಿಂದಲೇ. ಇಲ್ಲಿ ಚೀಲ ಹೊರುವ ಹಮಾಲರು, ಬೇಳೆ ಹಸನು ಮಾಡುವ ಹೆಣ್ಣುಮಕ್ಕಳು ಬಹುಪಾಲು ದಿನದ ಪಗಾರದ ಮೇಲೆ ಬದುಕುವವರು. ಬೆಳಗ್ಗೆ ಮಿಲ್ಲಿನ ಗೇಟು ದಾಟಿದರೆ ಆ ದಿನದ ಕೂಲಿ ಉಂಟು, ದಾಟದಿದ್ದರೆ ಇಲ್ಲ.

ಇವರಿಗೆ ಬ್ಯಾಂಕಿನ ಕೆಲಸ ಬಿತ್ತೆಂದರೆ ಆ ದಿನದ ಕೂಲಿ ಹೋಯಿತೆಂದೇ ಲೆಕ್ಕ. ಮಿಲ್ಲು ನಡೆಯುವ ಹೊತ್ತೂ ಬ್ಯಾಂಕು ತೆರೆದಿರುವ ಹೊತ್ತೂ ಒಂದೇ. ಪಾಸ್‌ಬುಕ್, ಆಧಾರ್, ಜೆರಾಕ್ಸ್ ಪ್ರತಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಹೋಗಿ, ಸಾಲಿನಲ್ಲಿ ನಿಂತು, ಕಿಟಕಿ ಮುಟ್ಟಿದಾಗ ಸಿಗುವ ಉತ್ತರ: ‘ಸರ್ವರ್ ಡೌನ್ ಆಗ್ಯಾದ್ರಿ, ನಾಳಿ ಬರ್ರಿ.’ ನಾಳೆ ಹೋದರೆ ಆ ಕೆಲಸ ನೋಡುವವರು ರಜೆಯಲ್ಲಿರುತ್ತಾರೆ. ನಾಡಿದ್ದು ಹೋದರೆ ಇನ್ನೊಂದು ಜೆರಾಕ್ಸ್ ಬೇಕಾಗುತ್ತದೆ. ಆ ಕಾಗದದ ಹೆಸರನ್ನು ಮೊದಲ ದಿನವೇ ಹೇಳಿದ್ದರೆ ಮನುಷ್ಯನಿಗೆ ಒಂದು ದಿನದ ಕೂಲಿಯಾದರೂ ಉಳಿಯುತ್ತಿತ್ತು.

ಹೇಳದೆ ಹೋದದ್ದು ದ್ವೇಷದಿಂದಲ್ಲ, ಲಂಚದ ಆಸೆಯಿಂದಲೂ ಅಲ್ಲ. ಅದು ಬರೀ ಅಲಕ್ಷ್ಯ. ಲಂಚದ ಬಗ್ಗೆ ನಮ್ಮಲ್ಲಿ ಬೇಕಾದಷ್ಟು ಚರ್ಚೆಯಾಗಿದೆ, ಅದಕ್ಕಾಗಿಯೇ ಲೋಕಾಯುಕ್ತವಿದೆ. ಅಲಕ್ಷ್ಯದ ಬಗ್ಗೆ ಮಾತ್ರ ‘ಇದು ಇದ್ದದ್ದೇ’ ಎಂದು ಎಲ್ಲರೂ ಸುಮ್ಮನಾಗುತ್ತಾರೆ. ಆದರೆ ‘ನಾಳಿ ಬರ್ರಿ’ ಎಂಬ ಮಾತಿಗೆ ಒಂದು ಬೆಲೆಯಿದೆ, ಆ ಬೆಲೆಯನ್ನು ಪ್ರತಿ ಸಲವೂ ತೆರುವವನು ಕಿಟಕಿಯ ಹೊರಗೆ ನಿಂತವನು. 2025-26ರಲ್ಲಿ ಕರ್ನಾಟಕದ ಉದ್ಯೋಗ ಖಾತ್ರಿ ದಿನಗೂಲಿ 370 ರೂಪಾಯಿ ಇತ್ತು. ಕಮಲಾಪುರದ ಕಡೆಯಿಂದ ಕಲಬುರಗಿಗೆ ಬಂದು ಬರಿಗೈಲಿ ಮರಳುವ ಕೂಲಿಕಾರನಿಗೆ ಕನಿಷ್ಠ ಅಷ್ಟು ನಷ್ಟ. ಬಸ್ ಚಾರ್ಜು, ಚಹಾ, ಜೆರಾಕ್ಸಿನ ಖರ್ಚು ಬೇರೆ.

ಬೇಸಿಗೆಯಲ್ಲಿ ಈ ಅಲಕ್ಷ್ಯದ ಇನ್ನೊಂದು ಮುಖ ಕಾಣುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿಯ ಬಿಸಿಲು 40 ಡಿಗ್ರಿ ದಾಟುವುದು ಮಾಮೂಲು. ತಗಡಿನ ಮನೆಗಳಲ್ಲಿ ಕೂಲರ್ ಇಲ್ಲದೆ ಎಳೆಗೂಸುಗಳು, ಮುದುಕರು ರಾತ್ರಿ ಕಳೆಯುವುದು ಕಷ್ಟ. ಕಂತಿನ ಮೇಲೆ ತಂದ ಹೊಸ ಕೂಲರಿನ ಮೋಟರು ಎರಡನೇ ವಾರಕ್ಕೆ ನಿಂತರೆ ಅಂಗಡಿಯವನು ಕೈ ತೋರಿಸುವುದು ಪೆಟ್ಟಿಗೆಯ ಮೇಲಿನ ಟೋಲ್ ಫ್ರೀ ನಂಬರಿನತ್ತ. ಫೋನ್ ಹಚ್ಚಿದರೆ ಮೊದಲು ಸಂಗೀತ, ಆಮೇಲೆ ‘ಇಂಗ್ಲಿಷಿಗೆ ಒಂದು ಒತ್ತಿ, ಹಿಂದಿಗೆ ಎರಡು ಒತ್ತಿ’. ಕನ್ನಡದ ಆಯ್ಕೆ ಇದ್ದರೂ ಅದನ್ನು ಒತ್ತಿದ ಮೇಲೆ ಕಾಯುವ ಹೊತ್ತು ಹೆಚ್ಚು. ಕೊನೆಗೊಂದು ದೂರಿನ ನಂಬರ್ ಬರುತ್ತದೆ, ‘48 ಗಂಟೆಯೊಳಗೆ ಟೆಕ್ನಿಷಿಯನ್ ಬರುತ್ತಾರೆ’ ಎಂಬ ಮೆಸೇಜೂ ಬರುತ್ತದೆ.

ಎರಡು ದಿನ ಕಳೆದ ಮೇಲೆ ಫೋನ್ ಬರುತ್ತದೆ. ‘ನಿಮ್ ಮೊಬೈಲಿಗೆ ಓಟಿಪಿ ಬಂದದ ನೋಡ್ರಿ, ಸ್ವಲ್ಪ ಹೇಳ್ರಿ.’ ರಿಪೇರಿ ಶುರು ಮಾಡಲು ಬೇಕೇನೋ ಎಂದುಕೊಂಡು ಮನೆಯವರು ಹೇಳುತ್ತಾರೆ. ಮರುಕ್ಷಣವೇ ಇನ್ನೊಂದು ಮೆಸೇಜು: ನಿಮ್ಮ ದೂರನ್ನು ಬಗೆಹರಿಸಲಾಗಿದೆ, ನಮ್ಮ ಸೇವೆಗೆ ಐದಕ್ಕೆ ಎಷ್ಟು ಅಂಕ ಕೊಡುತ್ತೀರಿ? ಮನೆಗೆ ಯಾರೂ ಬಂದಿಲ್ಲ, ಕೂಲರು ತಿರುಗಿಲ್ಲ. ಕಂಪನಿಯ ಕಂಪ್ಯೂಟರಿನಲ್ಲಿ ಮಾತ್ರ ದೂರು ಮುಗಿದಿದೆ. ಹತ್ತಾರು ಮಂದಿ ಬೇರೆ ಬೇರೆ ಊರುಗಳಲ್ಲಿ ಹೇಳುವ ಅನುಭವವಿದು. ಫೋನ್ ಮಾಡಿದ ಆ ಟೆಕ್ನಿಷಿಯನ್ ಹುಡುಗನಿಗೆ ದಿನಕ್ಕೆ ಇಷ್ಟು ದೂರು ಮುಗಿಸಬೇಕೆಂಬ ಟಾರ್ಗೆಟ್ ಇರುತ್ತದೆ. ಬೈಕಿನಲ್ಲಿ ಒಂದು ದಿಕ್ಕಿಗೆ ಕಪನೂರ, ಇನ್ನೊಂದು ದಿಕ್ಕಿಗೆ ಸೇಡಂ ರಸ್ತೆ ಸುತ್ತುವ ಅವನ ಮೇಲೆ ಸಿಟ್ಟು ಮಾಡಿಕೊಂಡು ಪ್ರಯೋಜನವಿಲ್ಲ. ದೂರು ಬಗೆಹರಿಯಿತೋ ಇಲ್ಲವೋ ಎಂದು ನೋಡದೆ, ಮುಚ್ಚಿತೋ ಇಲ್ಲವೋ ಎಂದಷ್ಟೇ ಅಳೆಯುವ ಕಂಪನಿಯನ್ನು ಕೇಳಬೇಕು.

ಹೀಗೆ ಕೇಳಿದವರು ನಮ್ಮ ರಾಜ್ಯದಲ್ಲೇ ಇದ್ದಾರೆ. 2023ರ ಆಗಸ್ಟ್ 31ರಂದು ಧಾರವಾಡದ ಮಹಿಳೆಯೊಬ್ಬರು ಜೊಮ್ಯಾಟೊ ಮೂಲಕ 133.25 ರೂಪಾಯಿಯ ಮೋಮೊ ತರಿಸಲು ಹೇಳಿದರು. ತಿಂಡಿ ಬರಲಿಲ್ಲ, ‘ತಲುಪಿಸಲಾಗಿದೆ’ ಎಂಬ ಮೆಸೇಜು ಬಂತು. ಹೋಟೆಲ್‌ನವರನ್ನು ಕೇಳಿದರೆ, ಡೆಲಿವರಿಯವನು ಪೊಟ್ಟಣ ಒಯ್ದನಲ್ಲ ಎಂದರು. ಕಂಪನಿಗೆ ಇ-ಮೇಲ್ ಬರೆದರೆ 72 ಗಂಟೆ ಕಾಯಿರಿ ಎಂದರು. 72 ಗಂಟೆ ಕಳೆದ ಮೇಲೂ ಉತ್ತರವಿಲ್ಲ. ಆಕೆ ಬಿಡಲಿಲ್ಲ. ಸೆಪ್ಟೆಂಬರ್‌ನಲ್ಲಿ ನೋಟಿಸ್ ಕಳಿಸಿ, ಧಾರವಾಡ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗದ ಮೆಟ್ಟಿಲು ಹತ್ತಿದರು. ಮರುವರ್ಷದ ಮೇ ತಿಂಗಳಲ್ಲಿ 133.25 ರೂಪಾಯಿ ವಾಪಸ್ ಬಂತು. ಆಯೋಗ ಅಷ್ಟಕ್ಕೇ ನಿಲ್ಲಲಿಲ್ಲ. 2024ರ ಜುಲೈನಲ್ಲಿ ಕೊಟ್ಟ ಆದೇಶದಲ್ಲಿ ತೊಂದರೆ ಮತ್ತು ಮಾನಸಿಕ ಕ್ಲೇಶಕ್ಕೆ 50 ಸಾವಿರ, ಮೊಕದ್ದಮೆಯ ಖರ್ಚಿಗೆ 10 ಸಾವಿರ ರೂಪಾಯಿ ಕೊಡುವಂತೆ ಹೇಳಿತು. ತಿಂಡಿಯ ಬೆಲೆಯ ಎಷ್ಟೋ ಪಟ್ಟು ಪರಿಹಾರ ಸಿಕ್ಕಿದ್ದು ಉತ್ತರ ಕೊಡದೆ ಕಾಯಿಸಿದ್ದಕ್ಕೆ.

ಬೆಂಗಳೂರಿನ ಇನ್ನೊಂದು ಪ್ರಕರಣ ಇದಕ್ಕಿಂತ ಸಣ್ಣ ಮೊತ್ತದ್ದು. 2019ರಲ್ಲಿ ಬಿಎಂಟಿಸಿ ಬಸ್ಸಿನಲ್ಲಿ 29 ರೂಪಾಯಿಯ ಟಿಕೆಟಿಗೆ 30 ಕೊಟ್ಟ ಪ್ರಯಾಣಿಕರೊಬ್ಬರಿಗೆ ಕಂಡಕ್ಟರ್ 1 ರೂಪಾಯಿ ಚಿಲ್ಲರೆ ಮರಳಿಸಲಿಲ್ಲ. ಮೇಲಿನವರಿಗೆ ದೂರಿದರೂ ಸರಿಯಾದ ಉತ್ತರ ಸಿಗಲಿಲ್ಲ. ಆ 1 ರೂಪಾಯಿಯ ಜೊತೆಗೆ 2,000 ರೂಪಾಯಿ ಪರಿಹಾರ, 1,000 ರೂಪಾಯಿ ಖರ್ಚು ಕೊಡಬೇಕೆಂದು ಗ್ರಾಹಕ ಆಯೋಗ ಆದೇಶಿಸಿತು. ಟಿಕೆಟಿನ ಹಿಂಬದಿ ‘ಬಾಕಿ 7’ ಎಂದು ಬರೆಸಿಕೊಂಡು, ಇಳಿಯುವ ಗದ್ದಲದಲ್ಲಿ ಅದನ್ನು ಮರೆತವರಿಗೆ ಈ ಪ್ರಕರಣದ ತೂಕ ಗೊತ್ತಾಗುತ್ತದೆ.

ಸಣ್ಣ ಮೊತ್ತಕ್ಕೆ ಇಷ್ಟೆಲ್ಲ ಹಟವೇಕೆ ಎಂದು ಕೇಳುವವರಿದ್ದಾರೆ. ಮೊತ್ತ ಸಣ್ಣದೆಂಬ ಕಾರಣಕ್ಕೇ ಅಲಕ್ಷ್ಯ ಬೆಳೆಯುವುದು. ಹತ್ತು ಲಕ್ಷದ ಠೇವಣಿ ಇಡುವವರಿಗೆ ಮ್ಯಾನೇಜರು ಕುರ್ಚಿ ಹಾಕಿಸುತ್ತಾರೆ. 500 ರೂಪಾಯಿ ತೆಗೆಯಲು ಬಂದವಳಿಗೆ ಸ್ಲಿಪ್ ಬರೆದುಕೊಡುವವರೂ ಇರುವುದಿಲ್ಲ.

ಭಾಷೆಯ ವಿಷಯವೂ ಇದರೊಳಗೇ ಇದೆ. 2025ರ ಮೇ ತಿಂಗಳಲ್ಲಿ ಆನೇಕಲ್ ತಾಲ್ಲೂಕಿನ ಎಸ್‌ಬಿಐ ಶಾಖೆಯೊಂದರ ವ್ಯವಸ್ಥಾಪಕಿ ಗ್ರಾಹಕರೊಂದಿಗೆ ಕನ್ನಡ ಮಾತನಾಡುವುದಿಲ್ಲ ಎಂದು ಪಟ್ಟು ಹಿಡಿದ ವಿಡಿಯೊ ರಾಜ್ಯವಿಡೀ ಹರಿದಾಡಿತು. ಮುಖ್ಯಮಂತ್ರಿ ಸಿದ್ದರಾಮಯ್ಯ ಅದನ್ನು ಖಂಡಿಸಿದರು, ಬ್ಯಾಂಕು ಅವರನ್ನು ವರ್ಗ ಮಾಡಿತು. ಶಾಖೆಗಳಲ್ಲಿ ಫಲಕ, ಫಾರ್ಮುಗಳು ಹಿಂದಿ, ಇಂಗ್ಲಿಷ್ ಜೊತೆಗೆ ಸ್ಥಳೀಯ ಭಾಷೆಯಲ್ಲೂ ಇರಬೇಕೆಂದು ರಿಸರ್ವ್ ಬ್ಯಾಂಕು ಎಂದೋ ಹೇಳಿದೆ. ಕನ್ನಡ, ದಖನಿ ಉರ್ದು, ಮರಾಠಿ, ತೆಲುಗು ಒಟ್ಟೊಟ್ಟಿಗೆ ಕೇಳಿಬರುವ ಕಲಬುರಗಿಯಲ್ಲಿ ಜನ ಇನ್ನೊಬ್ಬರ ಮಾತಿಗೆ ಹೊಂದಿಕೊಳ್ಳುವುದನ್ನು ಎಂದಿನಿಂದಲೂ ಮಾಡಿಕೊಂಡು ಬಂದಿದ್ದಾರೆ. ಅವರ ದುಡ್ಡು ಇಟ್ಟುಕೊಂಡ ಸಂಸ್ಥೆ ಅಷ್ಟೂ ಮಾಡದಿದ್ದರೆ ಅದು ಅಸಡ್ಡೆಯೇ.

ಕಿಟಕಿಯ ಒಳಗೆ ಕೂತವರ ಕಷ್ಟವೂ ನಿಜ. ಕಲ್ಯಾಣ ಕರ್ನಾಟಕದ ಕಚೇರಿಗಳಲ್ಲಿ ಖಾಲಿ ಹುದ್ದೆಗಳ ದೂರು ಹಳೆಯದು. ಈ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371(ಜೆ) ವಿಧಿ ಬಂದ ಮೇಲೂ ಅದು ಮುಗಿದಿಲ್ಲ. ಮೂವರು ಮಾಡಬೇಕಾದ ಕೆಲಸ ಒಬ್ಬರ ಹೆಗಲಿಗೆ ಬಿದ್ದರೆ ಸಹನೆ ಬತ್ತುತ್ತದೆ, ಸರ್ವರ್ ನಿಜಕ್ಕೂ ಕೆಡುತ್ತದೆ. ಆದರೆ ಸರ್ವರ್ ಕೆಟ್ಟಿದೆ ಎಂದು ಬಾಗಿಲಲ್ಲೇ ಒಂದು ಚೀಟಿ ಅಂಟಿಸುವುದಕ್ಕೆ, ಯಾವ ಯಾವ ಕಾಗದ ಬೇಕೆಂದು ಗೋಡೆಗೆ ಪಟ್ಟಿ ಹಾಕುವುದಕ್ಕೆ ಹೊಸ ಹುದ್ದೆ ಬೇಕಿಲ್ಲ. ಸಾಲಿನಲ್ಲಿ ನಿಂತವರ ದಿನ ಉಳಿಸಬೇಕೆಂಬ ಎಚ್ಚರ ಸಾಕು.

ಕಳೆದುಹೋದ ದಿನಕ್ಕೆ ಬೆಲೆ ಕಟ್ಟಬೇಕೆಂಬ ವಿಚಾರ ಕಾನೂನಿಗೆ ಹೊಸದಲ್ಲ. 1993ರಲ್ಲಿ ಲಖನೌ ಅಭಿವೃದ್ಧಿ ಪ್ರಾಧಿಕಾರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಸರ್ಕಾರಿ ಪ್ರಾಧಿಕಾರದ ಸೇವಾ ನ್ಯೂನತೆಯೂ ಗ್ರಾಹಕ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ ಎಂದಿತು. ಸತಾಯಿಸಿದ್ದಕ್ಕೆ ಕೊಡುವ ಪರಿಹಾರವನ್ನು ಜನರ ತೆರಿಗೆ ಹಣದಿಂದಲ್ಲ, ತಪ್ಪು ಮಾಡಿದ ಅಧಿಕಾರಿಗಳಿಂದಲೇ ವಸೂಲು ಮಾಡಬೇಕು ಎಂದೂ ಹೇಳಿತು. ರಿಸರ್ವ್ ಬ್ಯಾಂಕಿನ 2021ರ ಓಂಬುಡ್ಸ್‌ಮನ್ ಯೋಜನೆಯಲ್ಲಿ ದೂರುದಾರರ ಸಮಯ ಹಾಳಾದದ್ದಕ್ಕೆ, ಅವರು ಪಟ್ಟ ಕಿರುಕುಳಕ್ಕೆ 1 ಲಕ್ಷ ರೂಪಾಯಿವರೆಗೆ ಪರಿಹಾರದ ಅವಕಾಶವನ್ನು ಸ್ಪಷ್ಟವಾಗಿ ಬರೆಯಲಾಯಿತು. ಬ್ಯಾಂಕಿಗೆ ಮೊದಲು ದೂರು ಕೊಟ್ಟು, 30 ದಿನದಲ್ಲಿ ಸರಿಯಾದ ಉತ್ತರ ಬರದಿದ್ದರೆ ಓಂಬುಡ್ಸ್‌ಮನ್ ಬಳಿಗೆ ಹೋಗಬಹುದು.

ಎಟಿಎಂನಿಂದ ಹಣ ಬಾರದೆ ಖಾತೆಯಿಂದ ಮಾತ್ರ ಕಡಿತವಾದರೆ ಏನಾಗಬೇಕೆಂಬುದು ಇನ್ನೂ ಖಚಿತ. ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ 20ರ ಸುತ್ತೋಲೆಯ ಪ್ರಕಾರ ವ್ಯವಹಾರದ ದಿನದ ನಂತರ 5 ದಿನದೊಳಗೆ ಆ ಹಣ ಖಾತೆಗೆ ವಾಪಸ್ ಬರಬೇಕು. ತಡವಾದರೆ ದಿನಕ್ಕೆ 100 ರೂಪಾಯಿಯಂತೆ ಬ್ಯಾಂಕು ಪರಿಹಾರ ಕೊಡಬೇಕು, ಗ್ರಾಹಕ ದೂರು ಕೊಡಲಿ ಬಿಡಲಿ. ಹಣ ತಡವಾಗಿ ವಾಪಸ್ ಬಂದರೂ ಬಂತಲ್ಲ ಎಂದು ನಿಟ್ಟುಸಿರು ಬಿಟ್ಟು ಸುಮ್ಮನಾಗುವ ಮೊದಲು ಪಾಸ್‌ಬುಕ್ಕಿನಲ್ಲಿ ಆ 100 ರೂಪಾಯಿಗಳ ಲೆಕ್ಕ ನೋಡಬೇಕು.

ಅಂಗಡಿಗಳ ವಿಷಯಕ್ಕೆ ಬಂದರೆ, ‘ಮಾರಿದ ಮಾಲನ್ನು ವಾಪಸ್ ಪಡೆಯುವುದಿಲ್ಲ’ ಎಂಬ ಬೋರ್ಡು ಎಲ್ಲ ಪೇಟೆಗಳಲ್ಲೂ ತೂಗುತ್ತದೆ. 2020ರ ಜುಲೈ 20ರಿಂದ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಆ ಬೋರ್ಡಿಗೆ ಬೆಲೆಯಿಲ್ಲ. ದೋಷವಿರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯಲ್ಲಿ, ಹಾಗೆ ಹೇಳಿರದಿದ್ದರೆ 30 ದಿನದಲ್ಲಿ ವಾಪಸ್ ಪಡೆಯಲು ನಿರಾಕರಿಸುವುದು ಅನುಚಿತ ವ್ಯಾಪಾರ ಪದ್ಧತಿ. ಬಿಲ್ಲು ಕೊಡದಿರುವುದೂ ಅದೇ ಸಾಲಿಗೆ ಸೇರುತ್ತದೆ. ‘ಬಿಲ್ ಬ್ಯಾಡಂದ್ರ ಇನ್ನೂರು ಕಡಿಮಿ ಮಾಡ್ತೀನಿ’ ಎಂಬ ಮಾತಿಗೆ ಒಪ್ಪುವ ಗ್ರಾಹಕ ಆ ಇನ್ನೂರಕ್ಕೆ ತನ್ನ ಪುರಾವೆಯನ್ನೇ ಮಾರಿಕೊಳ್ಳುತ್ತಾನೆ. ರೈತರೂ ಬೀಜದ ಚೀಲ ಮತ್ತು ರಸೀದಿಯನ್ನು ರಾಶಿ ಮುಗಿಯುವವರೆಗೆ ಜೋಪಾನ ಮಾಡಬೇಕು. ಬೀಜ ಕೊಂಡ ರೈತನೂ ಗ್ರಾಹಕನೇ ಎಂದು ಸುಪ್ರೀಂ ಕೋರ್ಟು 2012ರಲ್ಲಿ ಹೇಳಿದೆ.

ಜಿಲ್ಲಾ ಗ್ರಾಹಕ ಆಯೋಗ ಕಲಬುರಗಿಯಲ್ಲೇ ಇದೆ. ಕಂಪನಿ ಮುಂಬೈಯದಿರಲಿ, ಗುರುಗ್ರಾಮದ್ದಿರಲಿ, ದೂರುದಾರ ವಾಸಿಸುವ ಇಲ್ಲವೇ ದುಡಿಯುವ ಜಿಲ್ಲೆಯಲ್ಲೇ ದೂರು ಸಲ್ಲಿಸಬಹುದು. ಕೊಟ್ಟ ಬೆಲೆ 5 ಲಕ್ಷದವರೆಗೆ ಇದ್ದರೆ ಶುಲ್ಕವಿಲ್ಲ. ವಕೀಲರು ಇರಲೇಬೇಕೆಂದಿಲ್ಲ. ತೊಂದರೆಯಾದ ದಿನದಿಂದ ಎರಡು ವರ್ಷದೊಳಗೆ ಹೋಗಬೇಕು, ಅಷ್ಟೆ. ಅದಕ್ಕೂ ಮುಂಚೆ 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆ ಮಾಡಿದರೆ ಎಷ್ಟೋ ಸಲ ಕಂಪನಿಯವರು ತಾವಾಗಿ ಫೋನ್ ಮಾಡುತ್ತಾರೆ. ಆಯೋಗದಲ್ಲೂ ವಿಳಂಬವಿದೆ, ನಿಜ. ಸಾಧ್ಯವಾದಷ್ಟು ಮೂರು ತಿಂಗಳಲ್ಲಿ ತೀರ್ಮಾನವಾಗಬೇಕೆಂದು ಕಾಯ್ದೆ ಹೇಳಿದರೂ ಅದರಂತೆ ನಡೆಯುವುದು ಕಡಿಮೆ. ಮಥುರಾ ರೈಲು ನಿಲ್ದಾಣದಲ್ಲಿ 1999ರಲ್ಲಿ ಟಿಕೆಟಿಗೆ 20 ರೂಪಾಯಿ ಹೆಚ್ಚು ತೆತ್ತವರೊಬ್ಬರಿಗೆ ನ್ಯಾಯ ಸಿಕ್ಕಿದ್ದು 2022ರಲ್ಲಿ.

ಇನ್ನು ಜಾತಿ, ಆದಾಯ ಪ್ರಮಾಣಪತ್ರ, ಪಹಣಿ ತಿದ್ದುಪಡಿಯಂಥ ಕೆಲಸಗಳಿಗೆ ಇರುವುದು ಸಕಾಲ. ಈ ಯೋಜನೆಯನ್ನು ರಾಜ್ಯವಿಡೀ ತರುವ ಮೊದಲು 2012ರ ಮಾರ್ಚ್‌ನಲ್ಲಿ ಪ್ರಯೋಗಕ್ಕೆಂದು ಆರಿಸಿದ ನಾಲ್ಕು ತಾಲ್ಲೂಕುಗಳಲ್ಲಿ ಒಂದು ನಮ್ಮದೇ ಕಲಬುರಗಿ ವಿಭಾಗದ ಔರಾದ್. ಏಪ್ರಿಲ್ 2ರಿಂದ ರಾಜ್ಯಕ್ಕೆಲ್ಲ ಬಂತು. ಪ್ರತಿ ಸೇವೆಗೂ ಗಡುವು, ಪ್ರತಿ ಅರ್ಜಿಗೂ ಒಂದು ಸಂಖ್ಯೆ, ಗಡುವು ಮೀರಿದರೆ ಪರಿಹಾರ, ಆ ಪರಿಹಾರ ತಪ್ಪಿತಸ್ಥ ನೌಕರರ ಸಂಬಳದಿಂದ. ದೇಶಕ್ಕೆ ಮಾದರಿಯಾಗಬಲ್ಲ ಕಾಯ್ದೆಯದು. ಆದರೆ ಅರ್ಜಿಯನ್ನು ನೋಂದಾಯಿಸದೆ ಮೇಜಿನ ಮೇಲಿಟ್ಟು ‘ನಾಳಿ ಬರ್ರಿ’ ಎಂದರೆ ಗಡುವು ಶುರುವಾಗುವುದೇ ಇಲ್ಲ. ಹಾಗಾಗಿ ಸಕಾಲ ಸಂಖ್ಯೆಯ ಸ್ವೀಕೃತಿ ಕೈಗೆ ಬರುವವರೆಗೆ ಕಿಟಕಿ ಬಿಟ್ಟು ಕದಲಬಾರದು.

ಇನ್ನೊಂದು ಕೊರತೆಯನ್ನು ಜನಸಾಮಾನ್ಯರು ನೀಗಿಸಲಾರರು. ವಿಳಂಬದ ಪ್ರತಿ ದಿನಕ್ಕೆ ಆ ಕಾಯ್ದೆ ಕಟ್ಟಿದ ಬೆಲೆ 20 ರೂಪಾಯಿ, ಎಷ್ಟೇ ತಡವಾದರೂ 500 ರೂಪಾಯಿ ಮೀರುವಂತಿಲ್ಲ. ಬ್ಯಾಂಕಿನ ತಪ್ಪಿಗೆ ದಿನಕ್ಕೆ 100 ರೂಪಾಯಿ ಎನ್ನುವ ದೇಶದಲ್ಲಿ, 2025-26ರಲ್ಲೇ ಉದ್ಯೋಗ ಖಾತ್ರಿಯ ಕೂಲಿ 370 ರೂಪಾಯಿ ಆಗಿದ್ದಾಗ, ಕಪನೂರದ ಹಮಾಲನ ಒಂದು ದಿನವನ್ನು 20 ರೂಪಾಯಿಗೆ ಅಳೆಯುವುದು ಅನ್ಯಾಯ. ಕಲಬುರಗಿ ಜಿಲ್ಲೆಯ ಶಾಸಕರು ಈ ಮೊತ್ತವನ್ನು ಕನಿಷ್ಠ ಒಂದು ದಿನದ ಕೂಲಿಗೆ ಏರಿಸುವ ತಿದ್ದುಪಡಿಯನ್ನು ಮುಂದಿನ ಅಧಿವೇಶನದಲ್ಲಿ ಕೇಳಬೇಕು.