ರ‍್ಯಾಮ್ ಹೆಚ್ಚಿಸಿದ ಮೇಲೆ ಗಣಕ ಹ್ಯಾಂಗ್ ಆಗುತ್ತಿದೆಯೇ? ಮೊದಲು ಕಡತ ಉಳಿಸಿಕೊಳ್ಳಿ

ನಿಧಾನವಾದ ಗಣಕಯಂತ್ರಕ್ಕೆ ಚುರುಕು ಬರಲಿ ಎಂದು ಹೆಚ್ಚುವರಿ ರ‍್ಯಾಮ್ ಹಾಕಿಸಿದ್ದಾಯಿತು. ಯಂತ್ರ ಚಾಲೂ ಆಯಿತು. 8 ಜಿಬಿ ಇದ್ದದ್ದು 16 ಜಿಬಿ ಎಂದು ಪರದೆಯ ಮೇಲೆ ಮೂಡಿತು. ಆದರೆ ಅರ್ಧ ಗಂಟೆ ಕಳೆಯುವಷ್ಟರಲ್ಲಿ ಮೌಸ್‌ನ ಬಾಣ ನಿಂತಲ್ಲೇ ನಿಂತಿತು. ಯಾವ ಕೀಲಿ ಒತ್ತಿದರೂ ಉತ್ತರವಿಲ್ಲ. ಪವರ್ ಗುಂಡಿಯನ್ನು ಒತ್ತಿ ಹಿಡಿದು ಯಂತ್ರವನ್ನು ಆರಿಸದೆ ಬೇರೆ ದಾರಿ ಉಳಿಯಲಿಲ್ಲ.

ಇಂಥ ವೇಳೆಯಲ್ಲಿ ಬಹುತೇಕರ ಕಿವಿಗೆ ಬೀಳುವ ಮೊದಲ ಸಲಹೆ 'ಫಾರ್ಮ್ಯಾಟ್ ಮಾಡಿ ವಿಂಡೋಸ್ ಹೊಸದಾಗಿ ಹಾಕಿಸಿ' ಎಂಬುದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ! ನಿನ್ನೆಯವರೆಗೆ ಸರಿಯಾಗಿದ್ದ ಯಂತ್ರ ರ‍್ಯಾಮ್ ಸೇರಿಸಿದ ದಿನದಿಂದ ಕೈಕೊಡುತ್ತಿದ್ದರೆ ಮೊದಲು ಅನುಮಾನಿಸಬೇಕಾದದ್ದು ವಿಂಡೋಸ್ ಅನ್ನಲ್ಲ, ಆ ದಿನ ಬದಲಾದ ವಸ್ತುವನ್ನು. ಅದಕ್ಕಿಂತ ಮುಖ್ಯವಾದ ಮಾತೆಂದರೆ, ಹ್ಯಾಂಗ್ ಆಗುವುದು ಈ ತೊಂದರೆಯ ಸಣ್ಣ ಭಾಗ ಮಾತ್ರ.

ಕಾಣದೆ ಆಗುವ ಹಾನಿ

ನಾವು ತೆರೆಯುವ ಪ್ರತಿಯೊಂದು ಕಡತವೂ ಮೊದಲು ರ‍್ಯಾಮ್‌ಗೆ ಬಂದು, ಅಲ್ಲಿ ತಿದ್ದುಪಡಿಗೊಂಡು, ಮತ್ತೆ ಡಿಸ್ಕ್‌ಗೆ ಮರಳುತ್ತದೆ. ರ‍್ಯಾಮ್‌ನಲ್ಲಿ ದೋಷವಿದ್ದರೆ ಸೊನ್ನೆ ಇರಬೇಕಾದಲ್ಲಿ ಒಂದು, ಒಂದು ಇರಬೇಕಾದಲ್ಲಿ ಸೊನ್ನೆ ಆಗಿಬಿಡುತ್ತದೆ. ಆ ತಪ್ಪು ವಿಂಡೋಸ್‌ನ ಆದೇಶಗಳ ಜಾಗದಲ್ಲಿ ಬಿದ್ದರೆ ಯಂತ್ರ ಸ್ತಬ್ಧವಾಗುತ್ತದೆ. ನಿಮ್ಮ ಕಡತದ ಜಾಗದಲ್ಲಿ ಬಿದ್ದರೆ ಯಂತ್ರ ಏನೂ ಆಗದಂತೆ ನಡೆಯುತ್ತಲೇ ಇರುತ್ತದೆ. ಕಡತ ಮಾತ್ರ ಕೆಟ್ಟು ಉಳಿಯುತ್ತದೆ.

ಒಂದು ಬಿಟ್ ಬದಲಾದರೆ ಏನಾದೀತು ಎಂಬುದಕ್ಕೆ 2003ರಲ್ಲಿ ಬೆಲ್ಜಿಯಂನ ಸ್ಕಾರ್‌ಬೀಕ್‌ನಲ್ಲಿ ನಡೆದ ಮತ ಎಣಿಕೆಯ ಪ್ರಸಂಗ ಪ್ರಸಿದ್ಧ. ಅಲ್ಲಿ ಅಭ್ಯರ್ಥಿಯೊಬ್ಬರಿಗೆ ಗಣಕಯಂತ್ರವು 4,096 ಮತಗಳನ್ನು ಹೆಚ್ಚಾಗಿ ತೋರಿಸಿತು. ಎರಡನ್ನು ಹನ್ನೆರಡು ಬಾರಿ ಗುಣಿಸಿದರೆ ಬರುವ ಸಂಖ್ಯೆ ಅದು. ಅಂದರೆ ಮೆಮೊರಿಯ ಒಂದೇ ಒಂದು ಬಿಟ್ ಸೊನ್ನೆಯಿಂದ ಒಂದಕ್ಕೆ ತಿರುಗಿದರೆ ಆಗುವಷ್ಟು ವ್ಯತ್ಯಾಸ. ಸಿಗಲು ಸಾಧ್ಯವಿದ್ದುದಕ್ಕಿಂತ ಹೆಚ್ಚು ಮತ ಬಂದಿದ್ದರಿಂದ ತಪ್ಪು ಪತ್ತೆಯಾಯಿತು. ಮನೆಯ ಲೆಕ್ಕದ ಪುಸ್ತಕದಲ್ಲಿ ಅಂಥ ತಪ್ಪಾದರೆ ಹಿಡಿಯುವವರು ಯಾರು?

ಈ ವರದಿಗಾರನ ಮನೆಯಲ್ಲಿ ಆದದ್ದೂ ಅದೇ. ರ‍್ಯಾಮ್ ಸೇರಿಸಿದ ಮೇಲೆ ವಾರವಿಡೀ 'ಹ್ಯಾಂಗ್ ತಾನೇ' ಎಂದು ಯಂತ್ರವನ್ನು ಆರಿಸಿ ಹೊತ್ತಿಸಿ ಬಳಸಿದ್ದಾಯಿತು. ಕೊನೆಗೆ ಎರಡು ವರ್ಷಗಳ ಮನೆಖರ್ಚಿನ ಲೆಕ್ಕವಿದ್ದ ಕಡತವೇ ತೆರೆಯದಾಯಿತು.

ಆದ್ದರಿಂದ ಮೊದಲ ಕೆಲಸ: ಯಂತ್ರವನ್ನು ಆರಿಸಿ, ಹೊಸ ರ‍್ಯಾಮ್ ಪಟ್ಟಿಯನ್ನು ಹೊರತೆಗೆಯಿರಿ. ಹಳೆಯ ರ‍್ಯಾಮ್‌ನಲ್ಲಿ ಯಂತ್ರ ಸ್ಥಿರವಾಗಿ ನಡೆಯುತ್ತಿದೆ ಎಂದು ಕಂಡ ಬಳಿಕವೇ ಮುಖ್ಯ ಕಡತಗಳ ಪ್ರತಿ ತೆಗೆದುಕೊಳ್ಳಿ. ದೋಷವಿರುವ ರ‍್ಯಾಮ್ ಇಟ್ಟುಕೊಂಡು ನಕಲು ಮಾಡಿದರೆ ನಕಲೂ ಕೆಡಬಹುದು. ಹಳೆಯ ಬ್ಯಾಕಪ್ ಇದ್ದರೆ ಅದರ ಮೇಲೆಯೇ ಬರೆಯದೆ ಬೇರೆ ಜಾಗದಲ್ಲಿ ಉಳಿಸಿ.

ಒಳಗೆ ನಡೆಯುವುದೇನು?

8 ಜಿಬಿ ರ‍್ಯಾಮ್ ಪಟ್ಟಿಯಲ್ಲಿ ಸುಮಾರು 6,871 ಕೋಟಿ ಕೋಶಗಳಿರುತ್ತವೆ. ಒಂದೊಂದೂ ವಿದ್ಯುದಂಶವನ್ನು ಹಿಡಿದಿಡುವ ಅತಿ ಸೂಕ್ಷ್ಮ ಪಾತ್ರೆ. ಪಾತ್ರೆ ಸೋರುತ್ತದೆ, ಹಾಗಾಗಿ ಡಿಡಿಆರ್4 ಬಗೆಯ ರ‍್ಯಾಮ್‌ನಲ್ಲಿ ಸಾಮಾನ್ಯವಾಗಿ 64 ಮಿಲಿಸೆಕೆಂಡುಗಳೊಳಗೆ ಪ್ರತಿ ಕೋಶವನ್ನೂ ಒಮ್ಮೆ ಓದಿ ಮತ್ತೆ ತುಂಬಬೇಕು. ಯಾವ ವೇಗದಲ್ಲಿ, ಎಷ್ಟು ವೋಲ್ಟೇಜ್‌ನಲ್ಲಿ ಕೆಲಸ ಮಾಡಬಲ್ಲೆ ಎಂಬ ವಿವರವನ್ನು ಪಟ್ಟಿಯ ಮೇಲಿನ ಪುಟ್ಟ ಚಿಪ್ ಒಂದು ಮದರ್‌ಬೋರ್ಡ್‌ಗೆ ತಿಳಿಸುತ್ತದೆ. ಎರಡು ಪಟ್ಟಿಗಳ ವೇಗ ಬೇರೆಬೇರೆಯಾಗಿದ್ದರೆ ಎರಡೂ ಒಪ್ಪುವ ಕಡಿಮೆ ವೇಗಕ್ಕೆ ಮದರ್‌ಬೋರ್ಡ್ ಇಳಿಯಬೇಕು. ಬಹುಪಾಲು ಹಾಗೆಯೇ ಆಗುತ್ತದೆ. ಆಗದಿದ್ದಾಗ ಹ್ಯಾಂಗ್ ಶುರುವಾಗುತ್ತದೆ.

ಡಿಡಿಆರ್3, ಡಿಡಿಆರ್4, ಡಿಡಿಆರ್5 ಪಟ್ಟಿಗಳು ಒಂದರ ಸ್ಲಾಟ್‌ನಲ್ಲಿ ಇನ್ನೊಂದು ಕೂರುವುದಿಲ್ಲ. ಅಂಚಿನ ಕಚ್ಚಿನ ಸ್ಥಾನವೇ ಬೇರೆ. ಬಲವಂತ ಮಾಡಬಾರದು. ಡಿಡಿಆರ್5 ಯಂತ್ರಗಳಲ್ಲಿ ಹೊಸ ರ‍್ಯಾಮ್ ಹಾಕಿದ ಮೊದಲ ಬಾರಿ ಕೆಲವು ನಿಮಿಷ ಪರದೆ ಕಪ್ಪಾಗಿಯೇ ಇರಬಹುದು. ಅದು ಹ್ಯಾಂಗ್ ಅಲ್ಲ, ಮದರ್‌ಬೋರ್ಡ್ ಹೊಸ ಪಟ್ಟಿಗೆ ಹೊಂದಿಕೊಳ್ಳುತ್ತಿರುವ ಸಮಯ. ನಡುವೆ ಆರಿಸದೆ ಕಾಯಿರಿ.

ಒಂದು ಬಾರಿಗೆ ಒಂದೇ ಬದಲಾವಣೆ

ಹೊಸ ಪಟ್ಟಿ ತೆಗೆದ ಮೇಲೂ ಹ್ಯಾಂಗ್ ನಿಲ್ಲಲಿಲ್ಲವೇ? ಹಾಗಾದರೆ ಕಾರಣ ಬೇರೆಡೆ ಇರಬಹುದು. ಕ್ಯಾಬಿನೆಟ್ ತೆರೆದಾಗ ಕೈತಾಗಿ ಫ್ಯಾನ್‌ನ ತಂತಿ ಸಡಿಲಗೊಂಡಿರುವುದು, ಡಿಸ್ಕ್‌ನ ಕೇಬಲ್ ಅಲುಗಿರುವುದು ಅಪರೂಪವೇನಲ್ಲ. ಫ್ಯಾನ್ ತಿರುಗದೆ ಪ್ರೊಸೆಸರ್ ಕಾದರೂ ಯಂತ್ರ ನಿಂತುಹೋಗುತ್ತದೆ.

ತೆಗೆದ ಮೇಲೆ ಹ್ಯಾಂಗ್ ನಿಂತಿದ್ದರೆ ಹೀಗೆ ಮುಂದುವರಿಯಿರಿ:

1. ಶಿಫ್ಟ್ ಕೀಲಿ ಒತ್ತಿ ಹಿಡಿದು ಶಟ್‌ಡೌನ್ ಮಾಡಿ. ವಿಂಡೋಸ್‌ನ 'ಫಾಸ್ಟ್ ಸ್ಟಾರ್ಟಪ್' ಸೌಲಭ್ಯ ಚಾಲೂ ಇದ್ದರೆ ಸಾಮಾನ್ಯ ಶಟ್‌ಡೌನ್ ಪೂರ್ಣ ಶಟ್‌ಡೌನ್ ಅಲ್ಲ. ನಂತರ ವಿದ್ಯುತ್ ತಂತಿಯನ್ನು ಕಳಚಿ, ಕ್ಯಾಬಿನೆಟ್‌ನ ಲೋಹದ ಭಾಗವನ್ನು ಮುಟ್ಟಿ ಮೈಯ ಸ್ಥಿರವಿದ್ಯುತ್ ಕಳೆದುಕೊಳ್ಳಿ.

2. ಪಟ್ಟಿಯನ್ನು ಅಂಚಿನಿಂದ ಹಿಡಿದು, ಸ್ಲಾಟ್‌ನಲ್ಲಿ 'ಕ್ಲಿಕ್' ಎನ್ನುವವರೆಗೆ ಸಮನಾಗಿ ಒತ್ತಿ. ಅರೆಬರೆ ಕೂತ ಪಟ್ಟಿ ಕೂಡ ಹ್ಯಾಂಗ್‌ಗೆ ಕಾರಣ. ಹೊಂಬಣ್ಣದ ಸಂಪರ್ಕ ಪಟ್ಟೆಗಳನ್ನು ಬೆರಳಿನಿಂದ ಮುಟ್ಟಬೇಡಿ.

3. ನಾಲ್ಕು ಸ್ಲಾಟ್‌ಗಳ ಮದರ್‌ಬೋರ್ಡ್‌ಗಳಲ್ಲಿ ಎರಡು ಪಟ್ಟಿಗಳಿದ್ದರೆ, ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎರಡನೆಯ ಮತ್ತು ನಾಲ್ಕನೆಯ ಸ್ಲಾಟ್‌ಗಳಲ್ಲಿ ಹಾಕಬೇಕು. ಮದರ್‌ಬೋರ್ಡ್‌ನ ಕೈಪಿಡಿಯ ಮಾತೇ ಅಂತಿಮ.

4. ಹಳೆಯ ಪಟ್ಟಿ ಸರಿಯಾಗಿ ನಡೆದ ಸ್ಲಾಟ್‌ನಲ್ಲಿ ಹೊಸದನ್ನು ಒಂಟಿಯಾಗಿ ಹಾಕಿ ನೋಡಿ. ಆಗಲೂ ಹ್ಯಾಂಗ್ ಆದರೆ ಆ ಪಟ್ಟಿ ಕೆಟ್ಟಿದೆ, ಇಲ್ಲವೇ ಮದರ್‌ಬೋರ್ಡ್ ಅದನ್ನು ಒಪ್ಪುತ್ತಿಲ್ಲ.

5. ಹೊಸದು ಒಂಟಿಯಾಗಿ ಸರಿಯಿದ್ದರೆ, ಹಳೆಯದನ್ನು ಎರಡನೆಯ ಸ್ಲಾಟ್‌ಗೆ ಒಂಟಿಯಾಗಿ ಹಾಕಿ. ಆಗ ತೊಂದರೆ ಬಂದರೆ ಅನುಮಾನ ಸ್ಲಾಟ್ ಮೇಲೆ.

6. ಎರಡೂ ಒಂಟಿಯಾಗಿ ಸರಿ, ಜೋಡಿಯಾದರೆ ಹ್ಯಾಂಗ್ ಎಂದಾದರೆ ಅದು ಹೊಂದಾಣಿಕೆಯ ಸಮಸ್ಯೆ. ಬಯೋಸ್‌ಗೆ ಹೋಗಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಎಂಬ ಆಯ್ಕೆ ಚಾಲೂ ಇದ್ದರೆ ಆರಿಸಿ, ವೇಗವನ್ನು ಒಂದು ಹಂತ ಇಳಿಸಿ. ಮದರ್‌ಬೋರ್ಡ್ ತಯಾರಕರು ಹೊಸ ಬಯೋಸ್ ಬಿಡುಗಡೆ ಮಾಡಿದ್ದರೆ ಅದನ್ನು ಹಾಕಿಸಿ.

ನಮ್ಮ ಮನೆಯ ಯಂತ್ರ ಸರಿಹೋದದ್ದು ಈ ಆರನೆಯ ಹಂತದಲ್ಲಿ. ಹಳೆಯದು 2666 ವೇಗದ ಪಟ್ಟಿ, ಹೊಸದು 3200. ಎರಡರಲ್ಲಿ ಯಾವುದೂ ಕೆಟ್ಟಿರಲಿಲ್ಲ. ಎಕ್ಸ್‌ಎಂಪಿ ಆರಿಸಿ 2400ಕ್ಕೆ ಇಳಿಸಿದ ಮೇಲೆ ಜಗಳ ನಿಂತಿತು. ವೇಗ ಇಳಿದದ್ದು ದಿನನಿತ್ಯದ ಕೆಲಸದಲ್ಲಿ ಅರಿವಿಗೇ ಬರಲಿಲ್ಲ.

ರಾತ್ರಿಯಿಡೀ ಪರೀಕ್ಷೆ

ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಹಿಚುಕಿದರೆ ಸಾಕು. ರ‍್ಯಾಮ್‌ಗೆ ಆ ನ್ಯಾಯ ಸಲ್ಲದು. ಪ್ರತಿ ಕೋಶವನ್ನೂ ಪರೀಕ್ಷಿಸಬೇಕು. ವಿಂಡೋಸ್‌ನಲ್ಲೇ ಇರುವ 'ವಿಂಡೋಸ್ ಮೆಮೊರಿ ಡಯಾಗ್ನಾಸ್ಟಿಕ್' ಸ್ಥೂಲ ಪರೀಕ್ಷೆಗೆ ಸಾಕು. ಇನ್ನೂ ಕಟ್ಟುನಿಟ್ಟಾದದ್ದು ಬೇಕೆಂದರೆ ಪೆನ್‌ಡ್ರೈವ್‌ನಿಂದಲೇ ಚಾಲೂ ಆಗುವ 'ಮೆಮ್‌ಟೆಸ್ಟ್86' ಇದೆ. ಇದರ ಉಚಿತ ಆವೃತ್ತಿಯೂ ಲಭ್ಯ. 16 ಜಿಬಿ ಪರೀಕ್ಷೆಗೆ ಹಲವು ಗಂಟೆ ಹಿಡಿಯುವುದರಿಂದ ರಾತ್ರಿ ಹಚ್ಚಿಟ್ಟು ಮಲಗುವುದು ಲೇಸು. ಬೆಳಿಗ್ಗೆ ಒಂದೇ ಒಂದು ದೋಷ ಕಂಡರೂ ಆ ರ‍್ಯಾಮ್ ಅಥವಾ ಆ ಹೊಂದಿಕೆ ನಂಬಲರ್ಹವಲ್ಲ. ಇಲ್ಲಿ ತೇರ್ಗಡೆಯ ಅಂಕ ಸೊನ್ನೆ ದೋಷ ಮಾತ್ರ.

ರ‍್ಯಾಮ್ ಕೆಡುವುದು ಅಪರೂಪ ಎಂಬ ನಂಬಿಕೆಯೂ ಪೂರ್ತಿ ನಿಜವಲ್ಲ. ಗೂಗಲ್‌ನ ಸರ್ವರ್‌ಗಳನ್ನು ಅಧ್ಯಯನ ಮಾಡಿ 2009ರಲ್ಲಿ ಪ್ರಕಟವಾದ ಸಂಶೋಧನೆಯೊಂದರಲ್ಲಿ, ವರ್ಷವೊಂದರಲ್ಲಿ ಶೇ. 8ಕ್ಕೂ ಹೆಚ್ಚು ರ‍್ಯಾಮ್ ಪಟ್ಟಿಗಳಲ್ಲಿ ದೋಷ ಕಂಡುಬಂದಿತ್ತು. ಸರ್ವರ್‌ಗಳಲ್ಲಿ ಇಂಥ ದೋಷವನ್ನು ಹಿಡಿದು ತಿದ್ದುವ ವಿಶೇಷ ರ‍್ಯಾಮ್ ಇರುತ್ತದೆ. ಮನೆಯ ಗಣಕಗಳಲ್ಲಿ ಸಾಮಾನ್ಯವಾಗಿ ಆ ಕಾವಲು ಇರುವುದಿಲ್ಲ.

ಕೊಳ್ಳುವ ಮುನ್ನ

ಬೆಂಗಳೂರಿನ ಎಸ್.ಪಿ. ರಸ್ತೆಯಿರಲಿ, ನಿಮ್ಮೂರಿನ ಗಣಕದ ಅಂಗಡಿಯಿರಲಿ, ಹೋಗುವಾಗ ಹಳೆಯ ಪಟ್ಟಿಯ ಲೇಬಲ್‌ನ ಛಾಯಾಚಿತ್ರ ತೆಗೆದುಕೊಂಡು ಹೋಗಿ. ಬಗೆ, ವೇಗ, ವೋಲ್ಟೇಜ್ ಮೂರೂ ಹೊಂದುವಂಥದ್ದನ್ನೇ ಕೇಳಿ. ಸಾಧ್ಯವಾದರೆ ಒಂದೇ ಪೊಟ್ಟಣದಲ್ಲಿ ಜೋಡಿಯಾಗಿ ಮಾರುವ ಪಟ್ಟಿಗಳು ಉತ್ತಮ. ಲ್ಯಾಪ್‌ಟಾಪ್ ಆದರೆ ರ‍್ಯಾಮ್ ಸೇರಿಸಲು ಸ್ಲಾಟ್ ಇದೆಯೇ ಎಂದು ಮೊದಲೇ ವಿಚಾರಿಸಿ; ಹಲವು ಮಾದರಿಗಳಲ್ಲಿ ಅದನ್ನು ಬೋರ್ಡ್‌ಗೇ ಬೆಸೆದಿರುತ್ತಾರೆ.

2025ರ ಕೊನೆಯ ತಿಂಗಳುಗಳಲ್ಲಿ ರ‍್ಯಾಮ್ ಬೆಲೆ ತೀವ್ರವಾಗಿ ಏರಿದಾಗ ಅನೇಕರ ಕಣ್ಣು ಬಳಸಿದ ಪಟ್ಟಿಗಳತ್ತ ತಿರುಗಿದ್ದು ಸಹಜ. ಬಳಸಿದ್ದನ್ನು ಕೊಳ್ಳುವುದು ತಪ್ಪಲ್ಲ. ಪರೀಕ್ಷಿಸಿ ಹಿಂದಿರುಗಿಸಲು ಕೆಲವು ದಿನಗಳ ಅವಕಾಶವನ್ನು ಬಿಲ್‌ನ ಮೇಲೆ ಬರೆಸಿಕೊಳ್ಳದಿರುವುದು ತಪ್ಪು. ಹಿಂದಿರುಗಿಸುವಾಗ 'ಹ್ಯಾಂಗ್ ಆಗುತ್ತಿದೆ' ಎಂಬ ದೂರಿಗಿಂತ ದೋಷ ತೋರಿಸುವ ಪರೀಕ್ಷೆಯ ಪರದೆಯ ಚಿತ್ರ ಹೆಚ್ಚು ತೂಕದ ಸಾಕ್ಷಿ.

ರ‍್ಯಾಮ್ ಕೆಟ್ಟರೆ ಬೇರೆ ತರಬಹುದು. ಕೆಟ್ಟುಹೋದ ಎರಡು ವರ್ಷದ ಲೆಕ್ಕವನ್ನು ಯಾವ ಅಂಗಡಿಯವರೂ ಬದಲಿಸಿ ಕೊಡಲಾರರು. ಹ್ಯಾಂಗ್ ಆದ ಮೊದಲ ದಿನವೇ ಯಂತ್ರವನ್ನು ಆರಿಸಿ ಹೊಸ ಪಟ್ಟಿಯನ್ನು ಹೊರತೆಗೆಯಿರಿ. ಉಳಿದದ್ದನ್ನು ನಿಧಾನವಾಗಿ ನೋಡಿಕೊಂಡರಾಯಿತು.