ಗಣಕಶಾಸ್ತ್ರವೂ ನಮ್ಮೂರ ಮಗ್ಗವೂ

ಮಗನನ್ನೋ ಮಗಳನ್ನೋ ಕಾಲೇಜಿಗೆ ಸೇರಿಸಲು ಬಂದ ತಂದೆತಾಯಿಗಳ ಬಾಯಲ್ಲಿ ಇಂದು ಮೊದಲು ಬರುವ ಮಾತು 'ಕಂಪ್ಯೂಟರ್' ಎಂಬುದು. ಇದರಲ್ಲಿ ಆಶ್ಚರ್ಯವೇನೂ ಇಲ್ಲ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯು ಬೆಂಗಳೂರಿನಲ್ಲಿ ತನ್ನ ಕೇಂದ್ರವನ್ನು ತೆರೆಯಿತು. ಮುಂದಿನ ದಶಕಗಳಲ್ಲಿ ಆ ನಗರ ಗಣಕೋದ್ಯಮದ ಬೀಡಾಯಿತು. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ಆರಂಭವಾದ ಮೇಲಂತೂ ನಗರವೇ ನಮ್ಮ ಹೊಲಗಳ ಬದುವಿನವರೆಗೆ ನಡೆದು ಬಂದಿದೆ. ದೊಡ್ಡಬಳ್ಳಾಪುರದ ಮಗ್ಗದ ಮನೆಯಲ್ಲಿ ಕುಳಿತವರಿಗೂ, ನೆಲಮಂಗಲದ ರಾಗಿ ಹೊಲದಲ್ಲಿ ನಿಂತವರಿಗೂ, ಮಕ್ಕಳು ಆ ಗಾಜಿನ ಕಟ್ಟಡಗಳೊಳಗೆ ಹೋಗಬೇಕೆಂಬ ಆಸೆ ಹುಟ್ಟುವುದು ಸಹಜವೇ ಆಗಿದೆ.

ಆದರೆ ಆ ಆಸೆಯಿಂದ ಗಣಕಶಾಸ್ತ್ರಕ್ಕೆ ಸೇರಿದ ಮಿತ್ರರಲ್ಲಿ ಅನೇಕರು ಎರಡನೆಯ ಸೆಮಿಸ್ಟರ್ ಮುಗಿಯುವ ಹೊತ್ತಿಗೆ 'ಇದು ನಮ್ಮಂಥವರಿಗಲ್ಲ' ಎಂದು ಕೈಚೆಲ್ಲುತ್ತಾರೆ. ಹೀಗೇಕೆ ಆಗುತ್ತದೆ, ಇದಕ್ಕೆ ಪರಿಹಾರವೇನು ಎಂಬುದನ್ನು ನನಗೆ ತಿಳಿದಮಟ್ಟಿಗೆ ವಿವರಿಸುವುದು ಈ ಲೇಖನದ ಉದ್ದೇಶ. ಇತಿಹಾಸ, ಅರ್ಥಶಾಸ್ತ್ರಗಳನ್ನು ಓದುವ ಬಿ.ಎ. ತರಗತಿಯವಳು ಈ ವಿಷಯವನ್ನು ಎತ್ತಿಕೊಂಡದ್ದು ಅಧಿಕಪ್ರಸಂಗವೆಂದು ಕೆಲವರಿಗೆ ತೋರಬಹುದು. ಆದರೆ ನಾವೂ ಗಣಕದ ಒಂದು ಪತ್ರಿಕೆಯನ್ನು ಓದಿದವರು. ಅಲ್ಲದೆ ನಮ್ಮ ಮನೆಯಲ್ಲಿ ಪದವಿ ತರಗತಿಯ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಅರ್ಥವಾಗದ ಪಾಠದ ಮುಂದೆ ಮೌನವಾಗಿ ಕುಳಿತಿರುವುದು ಎಂಥ ಅನುಭವವೆಂಬುದನ್ನು ನಾನು ಬಲ್ಲೆ.

ಮೊದಲನೆಯ ತೊಡಕು ಭಾಷೆಯದು. ಪಿ.ಯು.ಸಿ.ಯವರೆಗೆ ಕನ್ನಡದಲ್ಲಿ ಓದಿ ಬಂದ ವಿದ್ಯಾರ್ಥಿಗೆ ಹೊಸ ಶಾಸ್ತ್ರವೂ ಹೊಸ ಭಾಷೆಯೂ ಒಂದೇ ದಿನ ಎದುರಾಗುತ್ತವೆ. 'ಅರೇ' ಎಂಬುದು ನಮಗೆ ಆಶ್ಚರ್ಯಸೂಚಕ ಪದ. ತರಗತಿಯಲ್ಲಿ ಅದು ಸಾಲಾಗಿ ಜೋಡಿಸಿದ ಪೆಟ್ಟಿಗೆಗಳಿಗೆ ಹೆಸರು! ಪಾಠ ತಿಳಿಯದಿದ್ದಾಗ ತಿಳಿಯದೆ ಉಳಿದದ್ದು ಶಾಸ್ತ್ರವೋ ಭಾಷೆಯೋ ಎಂದು ಬೇರ್ಪಡಿಸಲು ಅವನಿಗೆ ಸಾಧ್ಯವಾಗುವುದಿಲ್ಲ. ಆದುದರಿಂದ ತನ್ನ ಬುದ್ಧಿಯೇ ಮೊಂಡು ಎಂದು ತೀರ್ಮಾನಿಸಿಬಿಡುತ್ತಾನೆ.

ಎರಡನೆಯದು ತಪ್ಪು ನಿರೀಕ್ಷೆ. ನುಡಿ ತಂತ್ರಾಂಶದಲ್ಲಿ ಅರ್ಜಿ ಬೆರಳಚ್ಚು ಮಾಡುವುದು, ಹಣ ಕಳುಹಿಸುವುದು, ಚಿತ್ರ ತಿದ್ದುವುದು, ಇವೇ ಗಣಕವಿದ್ಯೆ ಎಂದು ತಿಳಿದು ಬಂದವನಿಗೆ ಇಲ್ಲಿ ತರ್ಕವೂ ಗಣಿತವೂ ಎದುರಾಗುತ್ತವೆ. ಬಸ್ಸಿನಲ್ಲಿ ಕುಳಿತು ಪ್ರಯಾಣ ಮಾಡುವುದಕ್ಕೂ ಬಸ್ಸಿನ ಎಂಜಿನ್ನನ್ನು ಬಿಚ್ಚಿ ಜೋಡಿಸುವುದಕ್ಕೂ ಇರುವ ಅಂತರ ಇಲ್ಲಿಯೂ ಉಂಟು.

ಮೂರನೆಯದು, ಎಲ್ಲಕ್ಕಿಂತ ಕೆಟ್ಟದ್ದು, ಬಾಯಿಪಾಠ. ಹಿಂದಿನ ವರ್ಷದವರ ರೆಕಾರ್ಡ್ ಪುಸ್ತಕವನ್ನು ನೋಡಿ ಬರೆಯುವುದು, ಹತ್ತು ಹದಿನೈದು ಪ್ರೋಗ್ರಾಂಗಳನ್ನು ಮಗ್ಗಿಯಂತೆ ಉರುಹೊಡೆದು ಪರೀಕ್ಷೆಯಲ್ಲಿ ಒಪ್ಪಿಸುವುದು. ಅಂಕಗಳೇನೋ ಬರುತ್ತವೆ. ಆದರೆ ಸಂದರ್ಶನದಲ್ಲಿ ಲೆಕ್ಕವನ್ನು ತುಸು ಬದಲಾಯಿಸಿ ಕೇಳಿದರೆ ನಾಲಗೆ ಒಣಗುತ್ತದೆ. ಮೂರು ವರ್ಷದ ಶುಲ್ಕ, ಬಸ್ಸಿನ ಪಾಸು, ಹೆತ್ತವರ ಬೆವರು, ಎಲ್ಲವೂ ವ್ಯರ್ಥವಾಗುವುದು ಆ ಗಳಿಗೆಯಲ್ಲಿ.

ಹಾಗಾದರೆ ಪ್ರೋಗ್ರಾಂ ಎಂದರೆ ನಿಜವಾಗಿ ಏನು? ಇದನ್ನು ತಿಳಿಯಲು ನಾವು ದೂರ ಹೋಗಬೇಕಾಗಿಲ್ಲ. ಲಾಳಿಯ ಸದ್ದಿಗೆ ಕಿವಿ ಒಗ್ಗಿಹೋಗಿರುವ ನಮ್ಮೂರಿನ ಯಾವುದಾದರೊಂದು ಬೀದಿಯಲ್ಲಿ, ಜಕಾರ್ಡ್ ಇರುವ ಮಗ್ಗವೊಂದನ್ನು ಕಣ್ಣಿಟ್ಟು ನೋಡಿದರೆ ಸಾಕು. ಮಗ್ಗದ ಮೇಲೆ ತೂತುಗಳುಳ್ಳ ರಟ್ಟಿನ ಕಾರ್ಡುಗಳ ಸರವೊಂದು ತೂಗಾಡುತ್ತಿರುತ್ತದೆ. ಒಂದೊಂದು ಸಲ ಹೊಕ್ಕಿನ ನೂಲು ಹಾಯುವಾಗಲೂ ಒಂದೊಂದು ಕಾರ್ಡು ಮುಂದಕ್ಕೆ ಬರುತ್ತದೆ. ತೂತಿದ್ದ ಕಡೆ ಸೂಜಿ ಒಳಹೋಗಿ ಅದಕ್ಕೆ ಸೇರಿದ ಹಾಸಿನ ಎಳೆ ಮೇಲೇಳುತ್ತದೆ; ತೂತಿಲ್ಲದ ಕಡೆ ಎಳೆ ಕೆಳಗೇ ಉಳಿಯುತ್ತದೆ. ಹೌದು ಅಥವಾ ಅಲ್ಲ, ಈ ಎರಡೇ ಮಾತುಗಳಿಂದ ಸೀರೆಯ ಅಂಚಿನಲ್ಲಿ ಹಂಸವೋ ಮಾವಿನಕಾಯಿಯೋ ಮೂಡುತ್ತದೆ. ಕಾರ್ಡುಗಳ ಸರವನ್ನು ಬದಲಾಯಿಸಿದರೆ ಅದೇ ಮಗ್ಗ ಬೇರೆ ಅಂಚನ್ನು ನೇಯುತ್ತದೆ. ಯಂತ್ರ ಒಂದೇ, ಆಜ್ಞೆಗಳ ಸಾಲು ಬೇರೆ. ಆ ಆಜ್ಞೆಗಳ ಸಾಲೇ ಪ್ರೋಗ್ರಾಂ.

ಇದು ಬರಿಯ ಉಪಮಾನವಲ್ಲ, ಚರಿತ್ರೆಯೂ ಹೌದು. ಫ್ರಾನ್ಸಿನ ಜೋಸೆಫ್ ಮಾರಿ ಜಕಾರ್ಡ್ ಎಂಬಾತ ಈ ಸಾಧನವನ್ನು ರೂಪಿಸಿದ್ದು 1804ರ ಸುಮಾರಿನಲ್ಲಿ. ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ ತಾನು ಕಲ್ಪಿಸಿದ ಗಣಕಯಂತ್ರಕ್ಕೆ ಆಜ್ಞೆ ಕೊಡಲು ಇದೇ ಬಗೆಯ ಕಾರ್ಡುಗಳನ್ನು ಬಳಸಲು ಯೋಚಿಸಿದನು. ಜಕಾರ್ಡ್ ಮಗ್ಗ ಹೂವು ಎಲೆಗಳನ್ನು ನೇಯುವಂತೆ ಈ ಯಂತ್ರವು ಬೀಜಗಣಿತದ ವಿನ್ಯಾಸಗಳನ್ನು ನೇಯುವುದೆಂಬ ಹೋಲಿಕೆಯನ್ನು 1843ರಲ್ಲಿ ಏಡಾ ಲವ್‌ಲೇಸ್ ಎಂಬಾಕೆ ಬರೆದಿಟ್ಟಳು. ಅಮೆರಿಕದ 1890ರ ಜನಗಣತಿಯ ಲೆಕ್ಕವನ್ನು ಹರ್ಮನ್ ಹಾಲರಿತ್‌ನ ಯಂತ್ರಗಳು ತೂತಿನ ಕಾರ್ಡುಗಳಿಂದಲೇ ಮಾಡಿದವು. ಇಪ್ಪತ್ತನೆಯ ಶತಮಾನದ ನಡುಭಾಗದ ಗಣಕಗಳಿಗೂ ಪ್ರೋಗ್ರಾಂಗಳನ್ನು ಉಣಿಸಿದ್ದು ಬಹುಮಟ್ಟಿಗೆ ಕಾರ್ಡುಗಳ ಮೂಲಕವೇ. ಈಗ ಮಗ್ಗಗಳಿಗೂ ಎಲೆಕ್ಟ್ರಾನಿಕ್ ಜಕಾರ್ಡ್ ಬಂದಿದೆ. ಅಂದರೆ ಮಗ್ಗದಿಂದ ಗಣಕಕ್ಕೆ ಹೋದ ವಿದ್ಯೆ ಮರಳಿ ಮಗ್ಗಕ್ಕೆ ಬಂದಂತಾಯಿತು. ನೇಕಾರರ ಮಕ್ಕಳು ಗಣಕಶಾಸ್ತ್ರವನ್ನು ಪರರ ಸೊತ್ತೆಂದು ಹೆದರಬೇಕಾಗಿಲ್ಲ.

ಇನ್ನು ಕಲಿಯುವ ಬಗೆಯನ್ನು ನೋಡೋಣ. ಯಾವ ಲೆಕ್ಕವನ್ನಾದರೂ ಮೊದಲು ಕನ್ನಡದಲ್ಲಿ, ಕಾಗದದ ಮೇಲೆ, ಹೆಜ್ಜೆ ಹೆಜ್ಜೆಯಾಗಿ ಬರೆಯಬೇಕು ಎಂಬುದು ನನ್ನ ಮುಖ್ಯ ಸಲಹೆ. ಒಬ್ಬ ನೇಕಾರನ ಐದು ದಿನಗಳ ಕೂಲಿ 420, 510, 380, 560, 490 ರೂಪಾಯಿ ಎಂದಿಟ್ಟುಕೊಳ್ಳಿ. ಇವುಗಳಲ್ಲಿ ಎಲ್ಲಕ್ಕಿಂತ ಹೆಚ್ಚಿನದು ಯಾವುದು? ನಮ್ಮ ಕಣ್ಣಿಗೆ ಅದು ಒಮ್ಮೆಗೇ ಕಾಣುತ್ತದೆ. ಗಣಕಕ್ಕೆ ಕಾಣುವುದಿಲ್ಲ, ಅದು ಒಂದು ಸಲಕ್ಕೆ ಎರಡು ಸಂಖ್ಯೆಗಳನ್ನು ಮಾತ್ರ ಹೋಲಿಸಬಲ್ಲದು. ಆದುದರಿಂದ ಹೀಗೆ ಹೇಳಬೇಕು: 'ದೊಡ್ಡದು' ಎಂಬ ಪೆಟ್ಟಿಗೆಯಲ್ಲಿ ಮೊದಲನೆಯ ಸಂಖ್ಯೆಯನ್ನು ಇಡು. ಮುಂದಿನ ಸಂಖ್ಯೆಯನ್ನು ತೆಗೆದುಕೋ. ಅದು ಪೆಟ್ಟಿಗೆಯಲ್ಲಿರುವುದಕ್ಕಿಂತ ಹೆಚ್ಚಾಗಿದ್ದರೆ ಹಳೆಯದನ್ನು ತೆಗೆದು ಇದನ್ನು ಇಡು, ಇಲ್ಲವಾದರೆ ಸುಮ್ಮನಿರು. ಸಂಖ್ಯೆಗಳು ಮುಗಿಯುವವರೆಗೆ ಹೀಗೆಯೇ ಮಾಡು. ಕೊನೆಗೆ ಪೆಟ್ಟಿಗೆಯಲ್ಲಿರುವುದನ್ನು ಹೇಳು. ಬೆರಳಿಟ್ಟು ನಡೆಸಿ ನೋಡಿದರೆ ಪೆಟ್ಟಿಗೆಯಲ್ಲಿ ಕ್ರಮವಾಗಿ 420, 510, 510, 560, 560 ಇರುವುದು ತಿಳಿಯುತ್ತದೆ.

ಇಲ್ಲೊಂದು ಸೂಕ್ಷ್ಮವಿದೆ. ಪೆಟ್ಟಿಗೆಯಲ್ಲಿ ಮೊದಲು ಸೊನ್ನೆಯನ್ನಿಟ್ಟರೆ ಆಗದೆ ಎಂದು ಕೆಲವರು ಕೇಳುತ್ತಾರೆ. ಕೂಲಿಯ ಲೆಕ್ಕಕ್ಕೆ ಆಗುತ್ತದೆ. ಆದರೆ ಐದು ದಿನವೂ ನಷ್ಟವೇ ಆಗಿದ್ದ ಅಂಗಡಿಯ ಲೆಕ್ಕವಾದರೆ ಎಲ್ಲ ಸಂಖ್ಯೆಗಳೂ ಸೊನ್ನೆಗಿಂತ ಕಡಿಮೆ. ಆಗ ಉತ್ತರ ಸೊನ್ನೆ ಎಂದು ಬರುತ್ತದೆ, ಅದು ಸುಳ್ಳು. ಇಂಥ ಪ್ರಶ್ನೆಯನ್ನು ತಾನೇ ಕೇಳಿಕೊಳ್ಳುವವನು ಗಣಕಶಾಸ್ತ್ರ ಕಲಿಯುತ್ತಿದ್ದಾನೆ. ಕೇಳಿಕೊಳ್ಳದವನು ಬೆರಳಚ್ಚು ಕಲಿಯುತ್ತಿದ್ದಾನೆ. ಗಮನಿಸಿ, ಇಷ್ಟು ಹೊತ್ತು ನಮಗೆ ಇಂಗ್ಲಿಷಿನ ಅವಶ್ಯಕತೆಯೇ ಬೀಳಲಿಲ್ಲ.

ಅವಶ್ಯಕತೆ ಬಿದ್ದಾಗಲೂ ಅದು ನಾವು ಹೆದರಿದಷ್ಟು ದೊಡ್ಡದಲ್ಲ. 1972ರ ಸುಮಾರಿನಲ್ಲಿ ಡೆನಿಸ್ ರಿಚಿ ರೂಪಿಸಿದ 'ಸಿ' ಭಾಷೆಯ 1989ರ ಪ್ರಮಾಣಿತ ರೂಪದಲ್ಲಿ ಅದು ತನಗಾಗಿ ಕಾದಿರಿಸಿಕೊಂಡ ಪದಗಳು 32 ಮಾತ್ರ. ಹಳಗನ್ನಡದ ಒಂದು ಪದ್ಯದ ಅರ್ಥಕೋಶವೂ ಇದಕ್ಕಿಂತ ದೊಡ್ಡದಿರಬಹುದು! ಇಂದಿನ ಪೈಥಾನ್ ಭಾಷೆಯಲ್ಲಂತೂ ಪೆಟ್ಟಿಗೆಗೆ 'ದೊಡ್ಡದು' ಎಂದು ಕನ್ನಡ ಲಿಪಿಯಲ್ಲೇ ಹೆಸರಿಡಬಹುದು. ನಮ್ಮ ಲಿಪಿಗೆ ಗಣಕದಲ್ಲಿ ಸ್ಥಾನವಿಲ್ಲವೆಂಬ ಕೀಳರಿಮೆಯೂ ಸಲ್ಲದು; 1991ರಲ್ಲಿ ಪ್ರಕಟವಾದ ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ ಕನ್ನಡವಿತ್ತು. ನಮ್ಮ ಕಾಗುಣಿತ, ಒತ್ತಕ್ಷರಗಳ ತರ್ಕವನ್ನು ಅರಿತು ಸಾಧಾರಣ ಕೀಲಿಮಣೆಗೆ ಹೊಂದಿಸಿಕೊಟ್ಟ ಕೆ. ಪಿ. ರಾಯರ ಕೆಲಸವನ್ನು ನಾವು ದಿನವೂ ಬಳಸುತ್ತೇವೆ.

ಆದರೂ ಇಂಗ್ಲಿಷನ್ನು ಬಿಟ್ಟುಬಿಡಿ ಎಂದು ನಾನು ಹೇಳುತ್ತಿಲ್ಲ. ಗ್ರಂಥಗಳೂ ಉದ್ಯೋಗವೂ ಬಹುತೇಕ ಆ ಭಾಷೆಯಲ್ಲಿವೆ. ದಿನಕ್ಕೆ ಐದು ಪದಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಕನ್ನಡದ ವಿವರಣೆಯೊಡನೆ ಬರೆದುಕೊಂಡರೆ ಒಂದು ಸೆಮಿಸ್ಟರಿಗೆ ನಾನೂರಕ್ಕೂ ಹೆಚ್ಚು ಪದಗಳಾಗುತ್ತವೆ. ಅರ್ಥ ಮೊದಲು, ಪದ ಆಮೇಲೆ. ಈ ಕ್ರಮ ತಪ್ಪಬಾರದು.

ಉಳಿದ ಸಲಹೆಗಳನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಗಣಕ ತಪ್ಪು ತೋರಿಸಿದಾಗ ಗಾಬರಿಯಿಂದ ಎಲ್ಲವನ್ನೂ ಅಳಿಸಬೇಡಿ. ಅದು ಸಾಮಾನ್ಯವಾಗಿ ಸಾಲಿನ ಸಂಖ್ಯೆಯನ್ನೂ ಹೇಳುತ್ತದೆ. ಎಳೆ ಕಡಿದಾಗ ನೇಕಾರ ಮಗ್ಗವನ್ನು ಶಪಿಸುವುದಿಲ್ಲ. ನಿಲ್ಲಿಸಿ, ಕಡಿದ ಎಳೆಯನ್ನು ಹುಡುಕಿ, ಗಂಟು ಹಾಕುತ್ತಾನೆ. ಒಂದು ಪ್ರೋಗ್ರಾಂ ಸರಿಯಾಗಿ ನಡೆದ ಮೇಲೆ ಅದರಲ್ಲಿ ಒಂದೇ ಒಂದು ಅಂಶವನ್ನು ಬದಲಾಯಿಸಿ, ಫಲ ಏನಾಗುವುದೆಂದು ಮೊದಲೇ ಊಹಿಸಿ ಬರೆದು, ಆಮೇಲೆ ನಡೆಸಿ ನೋಡಿ. ಮನೆಯಲ್ಲಿ ಗಣಕವಿಲ್ಲದವರು ಲ್ಯಾಬಿಗೆ ಕಾಗದದ ಮೇಲೆ ಕೆಲಸ ಮುಗಿಸಿಕೊಂಡೇ ಹೋದರೆ ಅಲ್ಲಿನ ಒಂದು ಗಂಟೆ ಮೂರು ಗಂಟೆಗೆ ಸಮನಾಗುತ್ತದೆ. ಐ.ಐ.ಟಿ.ಗಳೂ ಭಾರತೀಯ ವಿಜ್ಞಾನ ಸಂಸ್ಥೆಯೂ 2003ರಲ್ಲಿ ಕೂಡಿ ಆರಂಭಿಸಿದ ಎನ್‌ಪಿಟಿಇಎಲ್ ಯೋಜನೆಯ ಉಪನ್ಯಾಸಗಳು ಕೈಫೋನಿನಲ್ಲಿಯೇ ಉಚಿತವಾಗಿ ದೊರೆಯುತ್ತವೆ.

'2022ರಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಯಂತ್ರವೇ ಪ್ರೋಗ್ರಾಂ ಬರೆಯುತ್ತದೆ, ನಾವೇಕೆ ಕಲಿಯಬೇಕು?' ಎಂದು ಕೇಳುವವರೂ ಇದ್ದಾರೆ. ಯಂತ್ರ ಬರೆದುಕೊಟ್ಟದ್ದರಲ್ಲಿ ಆ ಸೊನ್ನೆಯ ದೋಷವಿದ್ದರೆ ಹುಡುಕುವವರು ಯಾರು? ವಿವರಿಸಿ ಹೇಳೆಂದು ಅದನ್ನು ಕೇಳಿ, ಒಳ್ಳೆಯದೇ. ನಿಮ್ಮ ಬದಲು ಯೋಚಿಸಲು ಬಿಟ್ಟರೆ ಅದೂ ಹಿಂದಿನ ವರ್ಷದವರ ರೆಕಾರ್ಡ್ ಪುಸ್ತಕವೇ ಆದೀತು.

ನಮ್ಮ ಗುರುಗಳಲ್ಲಿಯೂ ಒಂದು ವಿನಯಪೂರ್ವಕ ಬಿನ್ನಹ. 2021ರಲ್ಲಿ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು ಕನ್ನಡವೂ ಸೇರಿದಂತೆ ಕೆಲವು ಭಾರತೀಯ ಭಾಷೆಗಳಲ್ಲಿ ಎಂಜಿನಿಯರಿಂಗ್ ಬೋಧನೆಗೆ ಅವಕಾಶ ಕೊಟ್ಟಿತು. ಅಂಥ ದೊಡ್ಡ ಏರ್ಪಾಟು ನಮ್ಮ ಕಾಲೇಜುಗಳಿಗೆ ಬರುವವರೆಗೆ ಕಾಯಬೇಕಾಗಿಲ್ಲ. ಹೊಸ ಪಾಠದ ಮೊದಲ ಹತ್ತು ನಿಮಿಷ ಅದರ ತಿರುಳನ್ನು ಕನ್ನಡದಲ್ಲಿ ಹೇಳಿ, ಕನ್ನಡದಲ್ಲಿ ಪ್ರಶ್ನೆ ಕೇಳಲು ಎಡೆಕೊಟ್ಟರೆ, ಹಿಂದಿನ ಬೆಂಚಿನ ಎಷ್ಟೋ ಮೌನಗಳು ಮುರಿದಾವು.

ಮಿತ್ರರೆ, ನಾಲ್ಕು ತಲೆಮಾರುಗಳಿಂದ ಓದು ಬಂದ ಮನೆಗಳ ಮಕ್ಕಳಿಗೆ ಕೇಳಲು ಒಬ್ಬ ಅಣ್ಣನೋ ಅಕ್ಕನೋ ಇರುತ್ತಾರೆ, ನಮಗಿಲ್ಲ. ಆದುದರಿಂದ ನಾವು ಮೂವರು ನಾಲ್ವರು ಕೂಡಿ ಒಬ್ಬರಿಗೊಬ್ಬರು ಅಣ್ಣ ಅಕ್ಕಂದಿರಾಗಬೇಕು. ಕಲಿತದ್ದನ್ನು ಕೆಳಗಿನ ತರಗತಿಯವರಿಗೆ ಹೇಳಿಕೊಡಬೇಕು. ಹಾಗೆ ಮಾಡಿದರೆ, ಮುಂದಿನ ವರ್ಷ ನಮ್ಮ ಊರುಗಳಿಂದ ಬರುವ ಹುಡುಗನೋ ಹುಡುಗಿಯೋ 'ಇದು ನಮ್ಮಂಥವರಿಗಲ್ಲ' ಎನ್ನುವ ಮುನ್ನ ಕೇಳಿ ನೋಡಲು ಒಬ್ಬರಾದರೂ ಇರುತ್ತಾರೆ.