ಬೆಳಕಿಗೂ ಉಂಟು ನೆರೆಹೊರೆ

ದೀಪ ಎಷ್ಟು ಬೆಳಗಬೇಕೆಂಬುದನ್ನು ನಿರ್ಧರಿಸುವುದು ದೀಪವೇ ಎಂದು ನಾವೆಲ್ಲ ನಂಬಿದ್ದೇವೆ. ಎಣ್ಣೆ, ಬತ್ತಿ ಸರಿಯಿದ್ದರೆ ಸಾಕು; ಗೂಡಿನಲ್ಲಿಟ್ಟರೇನು, ಜಗಲಿಯ ಮೇಲಿಟ್ಟರೇನು? ಹಣತೆಯ ಮಟ್ಟಿಗೆ ಈ ಮಾತು ನಿಜ. ಆದರೆ ಬೆಳಕು ಸೂಸುವ ಒಂದೇ ಒಂದು ಅಣುವಿನ ಮಟ್ಟಕ್ಕೆ ಇಳಿದರೆ ಇದು ನಿಜವಲ್ಲ. ಅಣುವಿನ ಪಕ್ಕದಲ್ಲೊಂದು ಗಾಜಿನ ಹಲಗೆ ಇದ್ದರೆ, ಅಣು ಯಾವ ದಿಕ್ಕಿಗೆ ಬೆಳಗುತ್ತದೆ, ಎಷ್ಟು ಬೇಗ ಬೆಳಗಿ ಆರುತ್ತದೆ ಎಂಬ ಎರಡೂ ಬದಲಾಗುತ್ತವೆ.

ಈ ವಿಷಯಕ್ಕೆ ಬೇಕಾದ ಗಣಿತ ಹುಟ್ಟಿದ್ದು ಬೆಳಕಿನಿಂದಲ್ಲ, ರೇಡಿಯೊದಿಂದ. 1901ರ ಡಿಸೆಂಬರ್ 12ರಂದು ಮಾರ್ಕೋನಿ ಇಂಗ್ಲೆಂಡಿನ ಪೋಲ್ಡುವಿನಿಂದ ಹೊರಟ ಸಂಕೇತವನ್ನು ಅಟ್ಲಾಂಟಿಕ್ ಆಚೆಯ ನ್ಯೂಫೌಂಡ್‌ಲ್ಯಾಂಡಿನಲ್ಲಿ ಕೇಳಿದ್ದಾಗಿ ಪ್ರಕಟಿಸಿದರು. ದುಂಡಗಿನ ಭೂಮಿಯನ್ನು ಬಳಸಿಕೊಂಡು ಅಲೆ ಹೋದದ್ದಾದರೂ ಹೇಗೆ? ಜರ್ಮನಿಯ ಮ್ಯೂನಿಕ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಆರ್ನಾಲ್ಡ್ ಸೊಮ್ಮರ್‌ಫೆಲ್ಡ್ 1909ರಲ್ಲಿ ಈ ಅಲೆಗಳ ಲೆಕ್ಕಕ್ಕೆ ಕೈಹಾಕಿದರು. ಮುಂದೆ 1928ರಲ್ಲಿ ಕಲ್ಕತ್ತೆಗೆ ಬಂದು ಸಿ.ವಿ. ರಾಮನ್ ಅವರ ಪ್ರಯೋಗಗಳನ್ನು ಕಂಡವರು ಇವರೇ.

ಆಂಟೆನಾವನ್ನು ಅವರು ಒಂದು ಪುಟ್ಟ 'ದ್ವಿಧ್ರುವ' ಎಂದು ಭಾವಿಸಿದರು. ಅಂದರೆ ಧನ ಮತ್ತು ಋಣ ವಿದ್ಯುದಂಶಗಳು ಒಂದಕ್ಕೊಂದು ಎದುರಾಗಿ ಓಲಾಡುವ ಜೋಡಿ. ಕೆಳಗೆ ಸಪಾಟಾದ ನೆಲ. ಜೋಡಿಯಿಂದ ಹೊರಟ ಅಲೆಗಳಲ್ಲಿ ಎಷ್ಟು ಆಕಾಶಕ್ಕೆ, ಎಷ್ಟು ನೆಲದೊಳಕ್ಕೆ, ಎಷ್ಟು ನೆಲವನ್ನು ಸವರಿಕೊಂಡು ಹೋಗುತ್ತವೆ ಎಂಬುದು ಪ್ರಶ್ನೆ. ಸಾಗರ ದಾಟಿಸಿದ ಕೀರ್ತಿ ಮೇಲಿನ ಅಯಾನುಗೋಳಕ್ಕೆ ಸೇರಿದ್ದೆಂದು ಆಮೇಲೆ ಸ್ಪಷ್ಟವಾಯಿತು. ಆದರೆ ಲೆಕ್ಕ ವ್ಯರ್ಥವಾಗಲಿಲ್ಲ. ಗಣಿತಕ್ಕೆ ಗಾತ್ರದ ಹಂಗಿಲ್ಲವಷ್ಟೆ! ಆಂಟೆನಾದ ಜಾಗದಲ್ಲಿ ಅಣುವನ್ನೂ ನೆಲದ ಜಾಗದಲ್ಲಿ ಗಾಜನ್ನೂ ಇಟ್ಟರೆ ಅದೇ ಸಮೀಕರಣ ಬೆಳಕಿಗೂ ಹೊಂದುತ್ತದೆ.

ಇದಕ್ಕೆ ಸುಂದರ ಸಾಕ್ಷ್ಯ ಒದಗಿಸಿದವರು ಜರ್ಮನಿಯ ಮಾರ್ಬರ್ಗ್‌ನ ಕಾರ್ಲ್ ಡ್ರೆಕ್ಸ್‌ಹೇಜ್. 1960ರ ದಶಕದಲ್ಲಿ ಅವರು ಕನ್ನಡಿಯ ಮೇಲೆ ಒಂದೊಂದು ಅಣುವಿನಷ್ಟೇ ದಪ್ಪದ ಕೊಬ್ಬಿನಾಮ್ಲದ ಪದರಗಳನ್ನು ಪೇರಿಸಿ, ಮೇಲೆ ಕೆಂಪು ಬೆಳಕು ಸೂಸುವ ಯುರೋಪಿಯಂ ಸಂಯುಕ್ತವನ್ನು ಇಟ್ಟರು. ಈ ಹೊಳಪಿನ ಆಯುಷ್ಯ ಸೆಕೆಂಡಿನ ಸಾವಿರದ ಒಂದು ಭಾಗದ ಆಸುಪಾಸು. ಪದರಗಳು ಹೆಚ್ಚುತ್ತ ಹೋದಂತೆ ಆ ಆಯುಷ್ಯ ಒಮ್ಮೆ ಹೆಚ್ಚಿತು, ಒಮ್ಮೆ ಕುಗ್ಗಿತು. ಕನ್ನಡಿಯಿಂದ ಮರಳಿದ ಅಲೆ, ತೂಗುತ್ತಿರುವ ಉಯ್ಯಾಲೆಯನ್ನು ತಳ್ಳುವಂತೆಯೋ ತಡೆಯುವಂತೆಯೋ ಅಣುವನ್ನು ತಟ್ಟುತ್ತಿತ್ತು. ಅಮೆರಿಕದ ಚಾನ್ಸ್, ಪ್ರಾಕ್ ಮತ್ತು ಸಿಲ್ಬಿ 1970ರ ದಶಕದಲ್ಲಿ ರೇಡಿಯೊ ಗಣಿತದ ಜಾಡಿನಲ್ಲೇ ನಡೆದು ಇದನ್ನು ವಿವರಿಸಿದರು.

ಗಾಜು ಕನ್ನಡಿಯಷ್ಟು ಬೆಳಕನ್ನು ಹಿಂದಿರುಗಿಸುವುದಿಲ್ಲ, ತನ್ನತ್ತ ಸೆಳೆದುಕೊಳ್ಳುತ್ತದೆ. ತಂಬೂರಿಯನ್ನು ನೆನೆಯಿರಿ. ಬರಿಯ ಮರದ ದಿಮ್ಮಿಗೆ ಕಟ್ಟಿದ ತಂತಿ ಮೆಲ್ಲಗೆ ಬಹಳ ಹೊತ್ತು ಮಿಡಿಯುತ್ತದೆ. ಬುರುಡೆಯಿದ್ದರೆ ನಾದ ದೊಡ್ಡದಾಗುತ್ತದೆ, ಬೇಗ ಅಡಗುತ್ತದೆ. ಬೆಳಕಿನ ಅಲೆಯುದ್ದಕ್ಕಿಂತ ಹತ್ತಿರಕ್ಕೆ ಬಂದ ಗಾಜು ಅಣುವಿಗೆ ಹೆಚ್ಚುಕಡಿಮೆ ಈ ಬುರುಡೆಯಂತೆ. ಅಣುವಿನ ಸುತ್ತ, ಎಲ್ಲಿಗೂ ಸಾಗದೆ ಅದಕ್ಕೇ ಅಂಟಿಕೊಂಡ ವಿದ್ಯುತ್ ಕ್ಷೇತ್ರವೂ ಇರುತ್ತದೆ. ಗಾಜು ಅದಕ್ಕೆ ದಾರಿ ಬಿಟ್ಟುಕೊಡುತ್ತದೆ. ಹೀಗೆ ಬೆಳಕಿನ ಬಹುಪಾಲು ಗಾಜಿನೊಳಕ್ಕೇ ಹೋಗುತ್ತದೆ. ಆದರೆ ಸುಮಾರು 42 ಡಿಗ್ರಿಗಿಂತ ಹೆಚ್ಚು ಓರೆಯಾಗಿ ಹೋದದ್ದು ಹಲಗೆಯ ಆಚೆ ಬದಿಯಿಂದ ಗಾಳಿಗೆ ಬರಲಾರದು. ಒಳಗೇ ಪ್ರತಿಫಲಿಸುತ್ತ ಸಿಕ್ಕಿಬೀಳುತ್ತದೆ.

ಇದೇ ಸೆರೆ ಎಲ್‌ಇಡಿ ದೀಪಗಳ ದೊಡ್ಡ ತಲೆನೋವು. ಎಲ್‌ಇಡಿಗಳಲ್ಲಿ ಬಳಸುವ ಗ್ಯಾಲಿಯಂ ಆರ್ಸೆನೈಡ್‌ನ ವಕ್ರೀಭವನ ಸೂಚಿ ಸುಮಾರು 3.5. ಅಲ್ಲಿ 17 ಡಿಗ್ರಿ ಮೀರಿದ ಕಿರಣ ಒಳಕ್ಕೇ ಮರಳುತ್ತದೆ. ಸಪಾಟಾದ ಒಂದು ಮುಖದಿಂದ ಗಾಳಿಗೆ ನೇರವಾಗಿ ಬರುವುದು ನೂರರಲ್ಲಿ ಎರಡು ಪಾಲಿನಷ್ಟು ಮಾತ್ರ. ಎಲ್‌ಇಡಿಗೆ ಗುಮ್ಮಟದ ಆಕಾರದ ಹೊದಿಕೆ ತೊಡಿಸುವುದು, ಮೇಲ್ಮೈಯನ್ನು ಒರಟು ಮಾಡುವುದು ಈ ಸೆರೆ ಬಿಡಿಸುವುದಕ್ಕೇ.

ಹೇಗೆ ಒರಟು ಮಾಡಬೇಕು, ಪದರ ಎಷ್ಟು ದಪ್ಪವಿರಬೇಕು ಎಂಬುದನ್ನು ಈಗ ಮೊದಲು ಕಂಪ್ಯೂಟರಿನಲ್ಲಿ ಪರೀಕ್ಷಿಸುತ್ತಾರೆ. ಮೇಲ್ಮೈ ಸಪಾಟಾಗಿದ್ದರೆ ಸೊಮ್ಮರ್‌ಫೆಲ್ಡ್ ದಾರಿಯೇ ಸಾಕು. ಒರಟಾಗಿದ್ದರೆ ಕೇನ್ ಯೀ 1966ರಲ್ಲಿ ತೋರಿಸಿದ ದಾರಿ: ಜಾಗವನ್ನೆಲ್ಲ ಪುಟ್ಟ ಪುಟ್ಟ ಚೌಕಗಳಾಗಿ ಕತ್ತರಿಸಿ, ಪ್ರತಿ ಚೌಕದಲ್ಲೂ ಕ್ಷಣಕ್ಷಣದ ವಿದ್ಯುತ್ ಹಾಗೂ ಕಾಂತಕ್ಷೇತ್ರಗಳನ್ನು ಲೆಕ್ಕ ಹಾಕುವುದು. ತೊಡಕೆಂದರೆ, ಲೆಕ್ಕದ ಜಾಗ ಮುಗಿಯುವ ಅಂಚಿಗೆ ಬಡಿದ ಅಲೆ ಗೋಡೆಗೆ ಬಡಿದಂತೆ ಮರಳುತ್ತದೆ. ಆ ಸುಳ್ಳು ಪ್ರತಿಧ್ವನಿಯನ್ನು ಹೀರಿಬಿಡುವ ಕಾಲ್ಪನಿಕ ಪದರವನ್ನು ಫ್ರಾನ್ಸಿನ ಬೆರೆಂಜೆ 1994ರಲ್ಲಿ ರೂಪಿಸಿದರು. ದ್ವಿಧ್ರುವ ನಿಂತಿದೆಯೋ ಮಲಗಿದೆಯೋ ಎಂಬುದೂ ಲೆಕ್ಕಕ್ಕೆ ಬೇಕು, ಏಕೆಂದರೆ ಅದು ತನ್ನ ಉದ್ದದ ದಿಕ್ಕಿನಲ್ಲಿ ಬೆಳಕು ಸೂಸುವುದೇ ಇಲ್ಲ. ಮಲಗಿದ ಅಣುಗಳು ಬೆಳಕನ್ನು ಪರದೆಯಿಂದ ನೇರವಾಗಿ ಹೊರಕ್ಕೆ ಕಳಿಸುವುದರಿಂದ, ಫೋನಿನ ಒಎಲ್‌ಇಡಿ ಪರದೆಗಳಿಗೆ ಅಂಥವನ್ನೇ ಹುಡುಕುವ ಪ್ರಯತ್ನ ನಡೆದಿದೆ.

ಒಳಗೇ ಉಳಿದ ಬೆಳಕು ಕೊನೆಗೆ ಶಾಖವಾಗುತ್ತದೆ. ಅದಕ್ಕೆ ಸುರಿದ ವಿದ್ಯುತ್ತು ಪೋಲು. ಬೆಳಕನ್ನು ಹುಟ್ಟಿಸುವಷ್ಟೇ ಕಷ್ಟದ ಕೆಲಸ ಅದನ್ನು ಹೊಸಿಲು ದಾಟಿಸುವುದು. ಸಾಗರ ದಾಟಿದ ರೇಡಿಯೊ ಅಲೆಗಾಗಿ ಹಾಕಿದ ಲೆಕ್ಕ ಇಂದು ಕೂದಲೆಳೆಗಿಂತ ತೆಳುವಾದ ಪದರ ದಾಟಬೇಕಾದ ಬೆಳಕಿಗೆ ದಾರಿ ತೋರಿಸುತ್ತಿದೆ.